ರವಿಕೆಯೊಳಗೆ ಬಿಡುವ ಬಟ್ಟೆ

ಪಾವನಾ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಮಗು ಕೃತಿಯನ್ನು ಡಾಗಿಸ್‌ನಿಂದ, ಅದೇ ನಿಮ್ಮ ಇಲ್ಲಿನ ಶಿಶುವಿಹಾರದಿಂದ, ಕರೆತರಲು ಹೊರಟಿದ್ದೇನೆ. ದಾರಿ ಗೊತ್ತು. ಅಳಿಯಂದಿರ ಆಫೀಸಿಗೆ ಫೋನ್ ಮಾಡಿ ಗಾಬರಿ ಮಾಡಬೇಡ.

ಮೆಣಸಿನ ಸಾರು, ಅನ್ನ ಒಲೆಯ ಮೇಲಿವೆ. "ನಾನೇನು ಬಾಣಂತಿನಾ?" ಅಂತ ರೇಗಬೇಡ, ನನಗೆ ಬರುವ ಆರೈಕೆ ಅದೊಂದೇ. ತಟ್ಟೆ ಕೆಳಗೇ ಇಟ್ಟಿದ್ದೇನೆ, ಮೇಲಿನ ಕಪಾಟಿಗೆ ಕೈ ಎತ್ತಬೇಡ. ಆಸ್ಪತ್ರೆಯವರು ಕೊಟ್ಟ ಬಿಗಿ ಬ್ರಾ ಸೆಕೆ ಅಂತ ಬಿಚ್ಚಬೇಡ. ಮಗು ಬಂದ ಕೂಡಲೇ ಎತ್ತಿಕೊಳ್ಳಬೇಡ, ಹೊಲಿಗೆ ಎಳೆಯುತ್ತದೆ. ಅತ್ತರೆ ಅಳಲಿ.

ಎದೆ ಚಿಕ್ಕದು ಮಾಡಿಸಿಕೊಳ್ಳುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದಾಗ, "ದೇವರು ಕೊಟ್ಟಿದ್ದಕ್ಕೆ ಯಾರಾದ್ರೂ ಕತ್ತರಿ ಹಾಕಿಸ್ಕೋತಾರೇನೇ?" ಅಂದಿದ್ದೆ. ಇವತ್ತು ಬೆಳಿಗ್ಗೆ ನಿನ್ನ ತಲೆ ಬಾಚುವಾಗ ಭುಜ ನೋಡಿದೆ. ಬ್ರಾ ಪಟ್ಟಿ ಕೊರೆದ ಗುಳಿಯಲ್ಲಿ ನನ್ನ ಬೆರಳು ಕೂರುತ್ತದೆ. ಇಷ್ಟು ಆಳ ಅಂತ ನೀನು ಹೇಳಿರಲಿಲ್ಲ.

ನಿನ್ನ ರೇಷ್ಮೆ ರವಿಕೆಗಳ ಪಕ್ಕ ಹಿಡಿದು ಹೊಲಿದು ಕುರ್ಚಿಯ ಮೇಲಿಟ್ಟಿದ್ದೇನೆ. ಮುಂದೆ ಬಿಚ್ಚಿ ದೊಡ್ಡದು ಮಾಡಬೇಕಾಗುತ್ತದೆ ಅಂತ ಯಾವಾಗಲೂ ಒಳಗೆ ಬಟ್ಟೆ ಬಿಡುತ್ತಿದ್ದೆನಲ್ಲ, ಈ ಸಲ ಬಿಟ್ಟಿಲ್ಲ. ನಾನೇ ಕತ್ತರಿ ಹಾಕಿದೆ.

ಅಮ್ಮ