ಸಿಲ್ವಿಯಾಗೆ ಬಾಡಿಗೆ ಮನೆ

ನೈರೋಬಿ ವೆಸ್ಟ್, ನೈರೋಬಿ
16 ಜೂನ್ 1991, ಭಾನುವಾರ

ಪ್ರೀತಿಯ ಸಿಲ್ವಿಯಾ,

ದೇವರು ನಿನ್ನನ್ನೂ ಹೊಟ್ಟೆಯಲ್ಲಿರುವ ಮಗುವನ್ನೂ ಕಾಯಲಿ. ಕಿಸುಮುವಿನಿಂದ ನೀನು ಹಾಕಿದ ಕಾಗದ ತಲುಪಿ ಹದಿನೇಳು ದಿನವಾಯಿತು. ಮೂರು ವರ್ಷದ ಮೇಲೆ ಬಂದ ಕಾಗದಕ್ಕೆ ಇಷ್ಟು ತಡ ಮಾಡಿದ್ದು ನೋಡಿ, ಹೆತ್ತ ಮಾಯ್‌ಗೆ ಇನ್ನೂ ಸಿಟ್ಟು ಹೋಗಿಲ್ಲ ಎಂದು ನೀನು ಎಣಿಸಿರಬಹುದು. ಸಿಟ್ಟಲ್ಲ. ಮನೆ ಸಿಗದೆ ಬರೆದು ಏನು ಪ್ರಯೋಜನ ಎಂದು ಸುಮ್ಮನಿದ್ದೆ. ನೀನು ಇಂಗ್ಲಿಷಿನಲ್ಲಿ ಬರೆದಿದ್ದೀ. ನಮ್ಮಲ್ಲಿ ಮಾತಿಗೆ ಕೊಂಕಣಿ, ಕಾಗದಕ್ಕೆ ಕನ್ನಡ. ಅಕ್ಷರ ಕಲಿಸಿದವಳು ನಾನೇ, ಓದಲು ಬರುವುದಿಲ್ಲ ಎನ್ನಬೇಡ.

ನಿನ್ನ ಪಪ್ಪಾನ ಮಂಡಿನೋವು ಹಾಗೇ ಇದೆ. ನಿನ್ನ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾರೆ. ಮೊನ್ನೆ ಅದು ಅಂಗಿಯ ಜೊತೆ ಬಕೆಟ್ಟಿಗೆ ಬಿತ್ತು. ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿ ಕೊಟ್ಟೆ.

ನಿನ್ನ ಪೀಟರನಿಗೆ ಎಂಬಕಸಿಯ ಸರಕು ಆಫೀಸಿಗೆ ವರ್ಗವಾಗಿದೆ, ಜುಲೈ ಒಂದರೊಳಗೆ ಮನೆ ಬೇಕು, ನೀರು ಕರೆಂಟು ಬಾಡಿಗೆಯಲ್ಲೇ ಸೇರಿರಬೇಕು ಎಂದು ಬರೆದಿದ್ದೀ. ಸರಿಯಾಗಿಯೇ ಯೋಚಿಸಿದ್ದೀ. ಇಲ್ಲಿ ಹೊಸ ಮೀಟರಿಗೆ ಅರ್ಜಿ ಹಾಕಿ ಕೂತರೆ ಮಗು ಹುಟ್ಟಿ ನಡೆಯಲು ಕಲಿತಿರುತ್ತದೆ.

ಮೊದಲು ಪಾರ್ಕ್‌ಲ್ಯಾಂಡ್ಸಿಗೆ ಹೋದೆ. ಬಾಗಿಲಲ್ಲೇ ಮನೆಯವರು, "ನೀವು ಶಾಕಾಹಾರಿಗಳಾ?" ಎಂದರು. ನಾನು ತಿರುಗಿ ನಡೆದೆ. "ಹೌದು ಅಂದುಬಿಟ್ಟಿದ್ದರೆ ಏನಾಗುತ್ತಿತ್ತು?" ಎಂದರು ಮನೆಯಲ್ಲಿ ನಿನ್ನ ಪಪ್ಪಾ. ಒಂದು ಮನೆಗಾಗಿ ಸುಳ್ಳು ಹೇಳುವವಳಲ್ಲ ನಾನು ಎಂದು ಜೋರಾಗಿಯೇ ಹೇಳಿದೆ. ಆಮೇಲೆ ಎಂಬಕಸಿ. ಹೊಸ ಕಟ್ಟಡ, ನೀರು ಸೇರಿದೆ ಎಂದರು. ನಲ್ಲಿ ತಿರುಗಿಸಿದರೆ ಬರೀ ಗಾಳಿ. "ಮಂಗಳವಾರ ಬರುತ್ತದೆ, ಅಮ್ಮಾ" ಎಂದ ಕಾವಲುಗಾರ. ಯಾವ ಮಂಗಳವಾರ ಎಂದು ಕೇಳಿದೆ. ನಕ್ಕುಬಿಟ್ಟ.

ಅಷ್ಟರಲ್ಲಿ ಸೌತ್ ಸಿ ಬಡಾವಣೆಯಲ್ಲಿ ನಮ್ಮ ಮಂಗಳೂರಿನವರೇ ಆದ ಮಾರ್ಥಾಬಾಯಿಯ ಮಾಳಿಗೆ ಖಾಲಿ ಇದೆ ಎಂದು ತಿಳಿಯಿತು. ಎರಡು ಕೋಣೆ, ದೊಡ್ಡ ಅಡಿಗೆಮನೆ, ಮೇಲೆ ನೀರಿನ ಟ್ಯಾಂಕು. ಕೆಳಗೂ ಮೇಲೂ ಒಂದೇ ಮೀಟರು, ಹಾಗಾಗಿ ಎಲ್ಲ ಬಾಡಿಗೆಯಲ್ಲೇ. ನನಗೆ ಹಿಡಿಸಿತು. ಮಾರ್ಥಾಬಾಯಿ ಚಹಾ ಕೊಟ್ಟು ನನ್ನನ್ನು ಕೇಳಿದರು:

"ಅಳಿಯನ ಹೆಸರೆಂತ, ಸೆಲಿನ್‌ಬಾಯಿ?"

"ಪೀಟರ್."

"ಯಾವ ಇಗರ್ಜಿಯವರು? ಬೆಂದೂರಿನವರಾ?"

ಊರಲ್ಲಿ ಯಾವ ಇಗರ್ಜಿ, ಯಾವ ಚರ್ಚು ಎಂದು ಕೇಳಿಯೇ ತಾನೇ ನಮ್ಮವರು ಒಬ್ಬರನ್ನೊಬ್ಬರು ಗುರುತಿಸುವುದು. ನೀನು ಕಿಸುಮುವಿನಲ್ಲಿದ್ದೀ, ಮದುವೆ ಅಲ್ಲೇ ಆಯಿತು ಎಂದಷ್ಟೇ ಮೂರು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಚಹಾದ ಕಪ್ಪು ಎತ್ತಿ ಕುಡಿದೆ. ಅವರು ಹೌದೆಂದೇ ಎಣಿಸಿ ತಲೆಯಾಡಿಸಿ, ಬೀಗದ ಕೈ ತಂದು ಕೊಟ್ಟರು.

ಮನೆಗೆ ಬಂದು ಪಪ್ಪಾನಿಗೆ ಹೇಳಿದೆ. ಅವರು ಪೇಪರು ಕೆಳಗಿಟ್ಟರು. "ಸುಳ್ಳು ಹೇಳಲಿಲ್ಲ, ಸರಿ. ಅಳಿಯನ ಅರ್ಧ ಹೆಸರು ನುಂಗಿ ಬಂದಿಯಲ್ಲ" ಎಂದರು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಎದುರು ಹೇಳಿದ್ದು ಬೆರಳಲ್ಲಿ ಎಣಿಸುವಷ್ಟು ಸಲ.

ಮರುದಿನ ಬೆಳಿಗ್ಗೆ ಮಟಾಟು ವ್ಯಾನು ಹತ್ತಿ ಹೋಗಿ ಮಾರ್ಥಾಬಾಯಿಗೆ ಹೇಳಿದೆ: ಅಳಿಯ ಪೀಟರ್ ಮ್ವಾಂಗಿ, ನ್ಯೇರಿಯ ಇಗರ್ಜಿಯವನು, ಇಲ್ಲಿಯ ಕಿಕುಯು ಜನದವನು. ಅವರ ಮುಖ ಸಣ್ಣದಾಯಿತು. "ನನಗೆ ಎಂತದೂ ಇಲ್ಲ ಸೆಲಿನ್‌ಬಾಯಿ. ನಮ್ಮವರ ಬಾಯಿ ಮುಚ್ಚುವವರು ಯಾರು? ನನಗೂ ಮದುವೆಗಿರುವ ಹುಡುಗಿ ಇದ್ದಾಳೆ. ಹಿಂದುಗಡೆ ಕೆಲಸದವರ ಕೋಣೆ ಬೇಕಾದರೆ ಕೊಡಬಹುದು, ಅಲ್ಲಿಗೂ ನೀರು ಕರೆಂಟು ಉಂಟು."

ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ. ಬೈಯಬೇಕೆಂದು ಬಾಯಿ ತೆರೆದೆ. ಆದರೆ ಅವರು ಆಡಿದ್ದು ನನ್ನದೇ ಮಾತು, ಸಿಲ್ವಿಯಾ. ಪೀಟರ್ ನಿನ್ನ ಪಕ್ಕದಲ್ಲಿ ನಿಂತಿದ್ದಾಗ ಮೂರು ವರ್ಷದ ಹಿಂದೆ ನಮ್ಮ ಹಜಾರದಲ್ಲಿ ನಾನು ಹೇಳಿದ್ದೂ ಇದನ್ನೇ. ನಮ್ಮವರ ಬಾಯಿ ಮುಚ್ಚುವವರು ಯಾರು ಎಂದು. ಹೊರಗೆ ಬಂದೆ.

ಇವತ್ತು ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲಲ್ಲಿ ನಿಂತಿದ್ದೆ. ನನ್ನ ಮುಂದಿನ ಬೆಂಚಿನಲ್ಲಿ ಕೂರುವ ಹೆಲನ್ ವಂಬುಯಿ ಎಂಬಾಕೆ ಹತ್ತಿರ ಬಂದಳು. ನಿವೃತ್ತ ನರ್ಸ್. ಹದಿನೈದು ವರ್ಷ ಅವಳ ಬೆನ್ನು ಮತ್ತು ಟೊಪ್ಪಿ ನೋಡಿದ್ದೇನೆ, ಮಾತಾಡಿಸಿರಲಿಲ್ಲ. "ಮಾಮಾ ಸಿಲ್ವಿಯಾ, ಮನೆ ಹುಡುಕುತ್ತಿದ್ದೀರಂತೆ" ಎಂದಳು. ನೀನು ಗಾಯನ ಮಂಡಳಿಯಲ್ಲಿ ಹಾಡುತ್ತಿದ್ದದ್ದು ಅವಳಿಗೆ ನೆನಪಿದೆ. ಇಲ್ಲಿಯವರು ತಾಯಿಯನ್ನು ‘ಮಾಮಾ’ ಎಂದು ಮಗುವಿನ ಹೆಸರು ಸೇರಿಸಿಯೇ ಕರೆಯುತ್ತಾರೆಂದು ನನಗೂ ಗೊತ್ತು. ಆದರೂ ಆ ಹೆಸರು ಕೇಳಿ ಅವಳ ಕೈ ಹಿಡಿದುಕೊಂಡೆ.

ಸೌತ್ ಬಿಯಲ್ಲಿ ಅವಳಿಗೆ ನಾಲ್ಕು ಫ್ಲ್ಯಾಟ್‌ಗಳಿವೆ. ಕೆಳಗಿನದು ಖಾಲಿ ಇದೆ. ಕೂಡಲೇ ಹೋಗಿ ನೋಡಿದೆ. ಬೋರ್‌ವೆಲ್ಲಿನ ನೀರು, ಕರೆಂಟು ಬಾಡಿಗೆಯಲ್ಲೇ, ಅಡಿಗೆಮನೆಗೆ ಬೆಳಗಿನ ಬಿಸಿಲು. ಅಳಿಯನ ಪೂರ್ತಿ ಹೆಸರು ಹೇಳಿದೆ. ಅವಳು ಬರೆದುಕೊಂಡು, ಮಗು ಯಾವಾಗ ಎಂದಳು. ಆಗಸ್ಟ್ ಎಂದೆ.

"ಅಜ್ಜಿಯ ಮನೆ ಎಲ್ಲಿ?"

"ನೈರೋಬಿ ವೆಸ್ಟ್."

"ಇಲ್ಲೇ ಇದೆಯಲ್ಲ. ನಿಮ್ಮಲ್ಲಿ ಜಾಗವಿಲ್ಲವೇ?"

ನಾನು ನಲ್ಲಿ ತಿರುಗಿಸಿ ನೋಡುತ್ತಾ ನಿಂತೆ. ಇಪ್ಪತ್ತೈದನೇ ತಾರೀಖಿನವರೆಗೆ ಮನೆಯನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದಿದ್ದಾಳೆ. ನಿನಗೆ ಒಪ್ಪಿಗೆಯಾದರೆ ಕೂಡಲೇ ತಿಳಿಸು.

ಭಾರ ಎತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರು. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಎಂದುಕೋ, ಪೀಟರನ ತಲೆಯ ಮೇಲೂ.

ನಿನ್ನ ಮಾಯ್,
ಸೆಲಿನ್

ಮತ್ತೆ: ಮೇಲಿನದನ್ನೆಲ್ಲ ಪಪ್ಪಾನಿಗೆ ಓದಿ ಹೇಳಿದೆ. ಇದನ್ನು ಹೇಳುವುದಿಲ್ಲ. ನಿನ್ನ ಕಾಗದವನ್ನು ನಾನೂ ಹಲವು ಸಲ ಓದಿದ್ದೇನೆ. ಎಷ್ಟು ಕೋಣೆ, ಟ್ಯಾಂಕು ಉಂಟಾ, ಎಲ್ಲ ಕೇಳಿದ್ದೀ. ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬರಲೇ ಎಂದು ಎಲ್ಲಿಯೂ ಕೇಳಲಿಲ್ಲ. ಕೇಳುವ ಧೈರ್ಯ ಬಾರದ ಹಾಗೆ ಮಾಡಿದವಳು ನಾನು. ನಿನ್ನ ಕೋಣೆಯನ್ನು ಯಾರಿಗೂ ಕೊಟ್ಟಿಲ್ಲ. ಫ್ಲ್ಯಾಟಿನಲ್ಲೋ ಇಲ್ಲೋ, ಎಲ್ಲಿ ಉಳಿಯಬೇಕೆಂದು ನೀನೂ ಪೀಟರನೂ ತೀರ್ಮಾನಿಸಿ, ನಾನು ಒತ್ತಾಯ ಮಾಡುವುದಿಲ್ಲ. ಆದರೆ ಅವನ ಎದುರಿಗೆ ಆಡಿದ ಮಾತು ತಪ್ಪೆಂದು ಅವನ ಎದುರಿಗೇ ಹೇಳಬೇಕು. ಕಿಸುಮು ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದು ಬರೆ. ನಾನು ಅಲ್ಲಿರುತ್ತೇನೆ.