ಗುಂಡನಿಗೆ ಊಟ ಆಗಿದೆ

ರೀ,

ಗುಂಡನಿಗೆ ಊಟ ಹಾಕಿದ್ದೀನಿ. ನೀವು ಬಾಗಿಲು ತೆಗೆದ ಕೂಡಲೇ ಜನ್ಮದಲ್ಲೇ ಅನ್ನ ಕಾಣದವನ ಹಾಗೆ ಮುಖ ಮಾಡ್ತಾನೆ, ಕರಗಿಹೋಗಬೇಡಿ. ಸ್ಪ್ಯಾನಿಯಲ್ ನಾಯಿಗಳ ಕಣ್ಣೇ ಹಾಗಂತೆ, ಇನ್ನೂ ದಪ್ಪ ಆದರೆ ಸೊಂಟ ಹಿಡ್ಕೊಳ್ಳುತ್ತಂತೆ. ಡಾಕ್ಟರು ಹೇಳುವಾಗ ನೀವೂ ತಲೆಯಾಡಿಸಿದ್ರಿ!

ಊಟ ಆದ ಗುರುತಿಗೆ ಎಂದಿನಂತೆ ತಟ್ಟೆ ಬೋರಲು ಹಾಕಿದ್ದೀನಿ. ನೆಟ್ಟಗೆ ಕಂಡರೆ ಮೋಸಹೋಗಬೇಡಿ, ಮಹಾಶಯ ಮೂತಿಯಿಂದ ಮಗುಚೋದು ಕಲಿತಿದ್ದಾನೆ.

ನೀರು ಕುಡಿಯುವಾಗ ಕಿವಿ ಎರಡೂ ಬಟ್ಟಲಲ್ಲಿ ಮುಳುಗುತ್ತೆ. ಒರೆಸಿ ಒಣಗಿಸಿ, ಆಗಲೇ ವಾಸನೆ ಬರ್ತಿದೆ. ನಿಮ್ಮ ಟವೆಲ್ಲಲ್ಲೇ ಒರೆಸಿ, ನನ್ನದು ಮುಟ್ಟಬೇಡಿ.

ನಿನ್ನೆ ನಾನೂ ಹಸಿದುಕೊಂಡೇ ಮನೆಗೆ ಬಂದೆ. ನೀವು ಅವನಿಗೆ ಬಿಸ್ಕತ್ತು ಮುರಿದು ಹಾಕ್ತಾ ಕೂತಿದ್ರಿ. "ನಿನ್ನ ಊಟ ಆಯ್ತಾ?" ಅಂತ ಒಂದು ಮಾತು ಕೇಳಲಿಲ್ಲ.

ಇವತ್ತು ನನ್ನ ತಟ್ಟೆ ಮೇಜಿನ ಮೇಲೆ ನೆಟ್ಟಗೇ ಇಟ್ಟು ಹೋಗ್ತಿದ್ದೀನಿ.