ಅತ್ತೆ, ಸೊಸೆ ಮತ್ತು ಹಾನಗಲ್ಲಿನ ಫಟಫಟಿ

ಚಿಕ್ಕೇರೂರು

ವೈನಿಯವರಿಗೆ, ನಿಮ್ಮ ಮೈದುನ ಈರಪ್ಪನ ಶರಣು.

ಇಲ್ಲಿ ನಾನೂ ಅಣ್ಣನೂ ಚೆನ್ನಾಗಿದ್ದೇವೆ. ಕಾಗದದಲ್ಲಿ ಕ್ಷೇಮ ಕೇಳುವುದು ರೂಢಿ. ಆದರೆ ನೀವು ಹೋಗಿರುವ ಕಡೆ ಜ್ವರವಿಲ್ಲ, ಕೆಮ್ಮಿಲ್ಲ, ಏನೆಂದು ಕೇಳಲಿ? ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿವೆ. ನಿಮಗೆ ಓದಲು ಬರುತ್ತಿರಲಿಲ್ಲ ಎಂಬುದೇ ಒಂದು ಸಮಾಧಾನ. ಅಲ್ಲಿ ನಮ್ಮ ಅವ್ವ ಸಿಕ್ಕಿದ್ದರೆ, ಅತ್ತೆ-ಸೊಸೆ ಇಬ್ಬರೂ ಸ್ವಲ್ಪ ಹೊತ್ತು ಜಗಳ ಬಿಟ್ಟು, ಓದಬಲ್ಲ ಯಾರನ್ನಾದರೂ ಹಿಡಿದು ಓದಿಸಿಕೊಳ್ಳಿ.

ಹಿರೇಕೆರೂರಿನ ಹಿಟ್ಟಿನ ಗಿರಣಿಯಲ್ಲಿ ಇಂಜಿನ್ನಿನ ಪಟ್ಟಾ ನನ್ನ ಬಲಗೈಯ ಹೆಬ್ಬೆರಳನ್ನೂ ಪಕ್ಕದ ಎರಡು ಬೆರಳನ್ನೂ ಎಳೆದುಕೊಂಡು ಹೋಯಿತಲ್ಲ, ಆಮೇಲಿನ ದಿನಗಳು ನಿಮಗೆ ನೆನಪಿವೆಯೆ? ಪಡಸಾಲೆಯ ಕಂಬಕ್ಕೆ ಆತು, ಕೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ಕೂತಿರುತ್ತಿದ್ದೆ. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ನೀವು ನನಗೆ ಅಡುಗೆಮನೆಯಲ್ಲೇ ಬಡಿಸುತ್ತಿದ್ದಿರಿ. ಇಂಜಿನ್ ರಿಪೇರಿ ಮಾಡುತ್ತಿದ್ದ ನನ್ನನ್ನು ಮೊದಲು ‘ಮಿಸ್ತ್ರಿ’ ಎಂದು ಕರೆಯುತ್ತಿದ್ದವರೆಲ್ಲ ‘ಪಾಪ, ಈರಪ್ಪ’ ಅನ್ನತೊಡಗಿದ್ದರು. ಆ ‘ಪಾಪ’ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅಣ್ಣ ಅಂತೂ ಒಂದೇ ಮಾತಿನಲ್ಲಿ ಮುಗಿಸಿದ್ದ: “ಇನ್ನ ಇಂಜಿನ್ನಿನ ಹೆಸರ ತಗೀಬ್ಯಾಡ. ಹೊಲ ಐತಿ, ಕಾಯ್ಕೋತ ಇರು.” ಅವನು ಹೇಳಿದ್ದು ಪ್ರೀತಿಯಿಂದಲೇ. ಆದರೆ ನಾನು ಮತ್ತೆ ಮಿಸ್ತ್ರಿಯಾಗುತ್ತೇನೋ ಇಲ್ಲವೋ ಅನ್ನುವುದು ಬಿಟ್ಟರೆ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಇಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೂ ಆಗಿತ್ತು.

ಹಾನಗಲ್ಲಿನ ನಿಮ್ಮ ಸೋದರಮಾವನ ಮನೆಯ ಮದುವೆಗೆ ಹೋದವರು, ಬರುವಾಗ ಚಕ್ಕಡಿಯಲ್ಲಿ ಒಂದು ತುಕ್ಕಿನ ರಾಶಿ ಹೇರಿಕೊಂಡು ಬಂದಿರಿ. ಯಾವನೋ ರಸ್ತೆ ಗುತ್ತಿಗೆದಾರ ಯುದ್ಧಕ್ಕೆ ಮುಂಚೆಯೇ ಅವರ ಹಿತ್ತಲಲ್ಲಿ ಬಿಟ್ಟುಹೋದ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು. ಅದರ ಮೇಲೆ ಕೋಳಿ ಕೂರುತ್ತಿದ್ದವಂತೆ. ಆಯೇರಿಗೆ ಸೀರೆ ಉಡಿಸಲು ಬಂದವರಿಗೆ ನೀವು, “ಸೀರಿ ಬ್ಯಾಡ್ರಿ ಮಾವ, ಆ ಫಟಫಟಿ ಕೊಡ್ರಿ” ಅಂದಿರಂತೆ. ಇಡೀ ಮದುವೆಯ ಹಂದರ ನಕ್ಕಿತಂತೆ. ಚಕ್ಕಡಿ ಹೊಡೆದುಕೊಂಡು ಬಂದವನು ಅದನ್ನು ಊರಿಗೆಲ್ಲ ಹೇಳಿ ನಮ್ಮ ಮಾನ ಕಳೆದ. ಅಣ್ಣ ಅಂಗಳದಲ್ಲೇ ನಿಂತು, “ಒಂದ ಕೈ ತಿಂದದ್ದು ಸಾಲದಾತೇನು? ಇದನ್ಯಾಕ ತಂದಿ?” ಎಂದು ಕೂಗಾಡಿದ. ನೀವು ಬಾಯಲ್ಲಿದ್ದ ಸವಣೂರ ವೀಳ್ಯದೆಲೆಯನ್ನು ನಿಧಾನವಾಗಿ ಉಗುಳಿ ಬಂದು, “ಇನ್ನೊಂದ ಕೈ ಐತಲ್ರಿ. ಸುಮ್ಮ ಕುಂತ್ರ ಅದೂ ಜಂಗ ಹಿಡಿತೈತಿ” ಅಂದಿರಿ. ಆಮೇಲೆ ನನ್ನ ಕಡೆ ತಿರುಗಿ, “ಬಿಚ್ಚು. ಹಿಡಿಯಾಕ ನಾ ಅದೇನಿ.”

ಬಿಚ್ಚುವುದು ಅಷ್ಟು ಸುಲಭವೆ? ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಕೂತಿತ್ತು. ಚಿಮಣಿ ಎಣ್ಣೆ ಹಾಕಿ ನೆನೆಸಿದೆವು, ಕಟ್ಟಿಗೆ ಇಟ್ಟು ಬಡಿದೆವು, ಮತ್ತೆ ನೆನೆಸಿದೆವು. ನಾನು ಎಡಗೈಯಲ್ಲಿ ಪಾನಾ ತಿರುಗಿಸಿದರೆ ಆ ಕಡೆಯ ನಟ್ಟನ್ನು ಇನ್ನೊಂದು ಪಾನಾದಿಂದ ನೀವು ಹಿಡಿಯುತ್ತಿದ್ದಿರಿ. ಜಾರಿದರೆ ನನಗೇ ಬೈಗುಳ: “ಮಿಸ್ತ್ರಿ ಅಂತ ಮಿಸ್ತ್ರಿ! ಎಡಕ್ಕ ಅಂದ್ರ ನಿನ್ನ ಎಡಕ್ಕೋ, ನನ್ನ ಎಡಕ್ಕೋ?” ಎದುರುಬದುರು ಕೂತವರಿಗೆ ಎಡಬಲ ಬೇರೆಬೇರೆ ಎಂಬುದು ನನಗೆ ಅವತ್ತಿನವರೆಗೆ ಹೊಳೆದೇ ಇರಲಿಲ್ಲ. ಒಬ್ಬನೇ ದುಡಿದು ರೂಢಿಯಾದವನು ನೋಡಿ. ಮುರಿದ ರಿಂಗುಗಳನ್ನು ಹುಬ್ಬಳ್ಳಿಯ ಲೇಥಿನವನಿಂದ ಹೊಸದಾಗಿ ಮಾಡಿಸಿ ತರಿಸಿದೆವು. ಯುದ್ಧದ ದೆಸೆಯಿಂದ ಮುಂಬಯಿಯ ಸಾಮಾನು ಬರುವುದು ನಿಂತುಹೋಗಿತ್ತು.

ವಾಲ್ವ್ ಉಜ್ಜಿದ ದಿನ ನಾನು ನಿಜಕ್ಕೂ ಸೋತಿದ್ದೆ. ವಾಲ್ವಿನ ತಲೆಗೆ ಸಾಣೆಪುಡಿ ಸವರಿ, ಅದರ ಗೀರಿನಲ್ಲಿ ಸ್ಕ್ರೂಡ್ರೈವರ್ ನಿಲ್ಲಿಸಿ, ಎರಡು ಅಂಗೈ ನಡುವೆ ಹಿಡಿದು ಹಿಂದೆ ಮುಂದೆ ತಿರುಗಿಸಬೇಕು. ಎರಡು ಅಂಗೈ! ನನ್ನ ಬಲಗೈಯಲ್ಲಿ ಅದು ನಿಲ್ಲಲೇ ಇಲ್ಲ. ಎಸೆದುಬಿಟ್ಟೆ. ನೀವು ಎದ್ದುಹೋಗಿ ಅದನ್ನು ಹೆಕ್ಕಿ ತಂದು, “ಇದೇನ ದೊಡ್ಡ ವಿದ್ಯಾನ? ಮಜ್ಜಿಗಿ ಕಡಿಯೂದ ಇದು” ಎಂದು ಕಡಗೋಲು ಆಡಿಸಿದ ಹಾಗೆ ಆಡಿಸತೊಡಗಿದಿರಿ. ಕೊನೆಗೆ ಚಿಮಣಿ ಎಣ್ಣೆ ಸುರಿದು ನೋಡಿದರೆ ಹನಿ ಸೋರಲಿಲ್ಲ. ನನಗೆ ಕಲಿಸಿದ ಉಸ್ತಾದನೂ ಅಷ್ಟು ನಯವಾಗಿ ಕೂರಿಸುತ್ತಿರಲಿಲ್ಲ.

ಅವತ್ತೇ ನೀವು ಇಂಜಿನ್ನಿನ ಎರಡು ವಾಲ್ವುಗಳಿಗೆ ಹೆಸರಿಟ್ಟದ್ದು. ಹೊಗೆ ಹೊರಗೆ ಹಾಕುವವಳು ಅತ್ತೆ, ಪೆಟ್ರೋಲು ಗಾಳಿ ಒಳಗೆ ತರುವವಳು ಸೊಸೆ. ಒಬ್ಬಳು ಬಾಯಿ ತೆರೆದಾಗ ಇನ್ನೊಬ್ಬಳು ಮುಚ್ಚಬೇಕು ಎಂದು ನಾನು ತಿಳಿಸಿ ಹೇಳಿದರೆ, ನೀವು ಕೇಳಿದಿರಿ, “ಮತ್ತ ಇಬ್ರೂ ಬಾಯಿ ಮುಚ್ಚಿಕೊಂಡ್ರ?”

“ಆಗ ಕಿಡಿ ಹಾರತೈತ್ರಿ ವೈನಿ.”

“ಬರೊಬ್ಬರಿ ಐತಿ ಬಿಡು! ನಾನೂ ನಿಮ್ಮವ್ವನೂ ಕೂಡೇ ಸುಮ್ಮಾದ್ವಿ ಅಂದ್ರ ಮುಂದ ಬೆಂಕಿ ಬೀಳೂದ ಅಂತ ನಿಮ್ಮಣ್ಣ ಎದ್ದು ಹೊಲಕ್ಕ ಓಡ್ತಿದ್ದ.”

ಕೈ ಹೋದ ಮೇಲೆ ನಾನು ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡೂ ಕೈಯಿಂದ ಹಿಡಿದುಕೊಂಡಿದ್ದೆ.

ಅತ್ತೆ-ಸೊಸೆಯರನ್ನು ಹೊತ್ತಿಗೆ ಸರಿಯಾಗಿ ಏಳಿಸಿ ಇಳಿಸುವ ಹಲ್ಲಿನ ಚಕ್ರಗಳನ್ನು ಕೂಡಿಸುವುದಷ್ಟೇ ಬಾಕಿ ಇದ್ದಾಗ ನಿಮಗೆ ಜ್ವರ ಬಂತು. “ನಾ ಎದ್ದ ಮ್ಯಾಲ ಕೂಡಸೂಣು. ನೀ ಒಬ್ಬನ ಮುಟ್ಟಿದಿ ಅಂದ್ರ ನೋಡು” ಅಂದಿರಿ. ನಾನು ಮುಟ್ಟಲಿಲ್ಲ. ನೀವು ಏಳಲಿಲ್ಲ. ವೈನಿ, ಇದನ್ನು ಹೇಳಲೇಬೇಕು: ನನಗೆ ದುಃಖಕ್ಕಿಂತ ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಕಂಬಕ್ಕೆ ಆತು ಕೂತಿದ್ದವನನ್ನು ಎಬ್ಬಿಸಿ, ಅರ್ಧ ದಾರಿಗೆ ತಂದು, ಹೀಗೆ ಕೈಬಿಟ್ಟು… ಮಣ್ಣು ಕೊಟ್ಟು ಬಂದ ಮೇಲೆ ಇಂಜಿನ್ನಿನ ಮೇಲೆ ಗೋಣಿಚೀಲ ಹೊದಿಸಿದೆ. ಮತ್ತೆ ಹೋಗಿ ಅದೇ ಕಂಬದ ಹತ್ತಿರ ಕೂತೆ.

ಅಣ್ಣ ನೀವಿದ್ದಾಗ ಎಂದೂ ನಿಮ್ಮ ಹೆಸರು ಹಿಡಿದು ಕರೆದವನಲ್ಲ, ಯಾವ ಗಂಡ ಕರೆಯುತ್ತಾನೆ? ನೀವು ಹೋದ ಮೇಲೆ ‘ಆಕಿ’ ಅನ್ನುವುದನ್ನೂ ಬಿಟ್ಟ. ಮನೆಯಲ್ಲಿ ಇಬ್ಬರು ಗಂಡಸರು, ಮಾತಿಲ್ಲ, ರೊಟ್ಟಿ ಬೇರೆ ಹೊತ್ತುತ್ತಿತ್ತು. ಒಂದು ಬೆಳಿಗ್ಗೆ ಎತ್ತಿಗೆ ಮೇವು ಹಾಕಿದ ಅಣ್ಣ ನನ್ನನ್ನೂ ಕರೆದುಕೊಂಡು ನೇರ ಹಿತ್ತಲಿಗೆ ಬಂದು, ಗೋಣಿಚೀಲ ಕಿತ್ತೆಸೆದು, ನೀವು ಕೂರುತ್ತಿದ್ದ ಮಣೆಯ ಮೇಲೆ ಕೂತ.

“ಯಾವದನ್ನ ಹಿಡೀಬೇಕು, ತೋರಸು.”

“ಅಣ್ಣಾ, ಹೊಲಕ್ಕ ಹೋಗಂಗಿಲ್ಲೇನು?”

“ಹೊಲ ಎಲ್ಲಿ ಓಡಿಹೊಕ್ಕೈತಿ? ತೋರಸು ಅಂದ್ನೆಲ್ಲ.”

ಅವನ ಹಿಡಿತ ನಿಮ್ಮದರ ಹಾಗಲ್ಲ. ಎತ್ತಿನ ಮೂಗುದಾರ ಹಿಡಿದ ಹಾಗೆ ಹಿಡಿಯುತ್ತಾನೆ, ಎರಡು ನಟ್ಟು ಹಾಳಾದವು. ಆದರೂ ಚಕ್ರ ಕೂಡಿದವು, ಮುಚ್ಚಳ ಕೂತಿತು. ಬಸ್ಸಿನ ಡ್ರೈವರನೊಬ್ಬ ಒಂದು ಸೀಸೆ ಪೆಟ್ರೋಲು ಕೊಟ್ಟ. ಕಿಕ್ಕು ಹೊಡೆದೆ. ಇಂಜಿನ್ ಕೆಮ್ಮಿತು, ಕಾರ್ಬುರೇಟರಿನ ಬಾಯಿಂದ ಹೊಗೆ ಉಗುಳಿತು, ಸತ್ತಿತು. ಮತ್ತೆ ಹೊಡೆದೆ, ಮತ್ತೆ ಅದೇ. ಕೈಯಷ್ಟೇ ಅಲ್ಲ, ತಲೆಯೂ ಹೋಯಿತು ಅನ್ನಿಸಿತು ನನಗೆ. ಬದಿಯ ಮುಚ್ಚಳ ತೆಗೆದರೆ ವಾಲ್ವುಗಳು ಏಳುವುದು ಇಳಿಯುವುದು ಕಾಣುತ್ತದೆ. ನಾನು ಚಕ್ರ ನಿಧಾನವಾಗಿ ತಿರುಗಿಸುತ್ತೇನೆ, ನೀನು ನೋಡುತ್ತಿರು ಎಂದು ಅಣ್ಣನಿಗೆ ಹೇಳಿದೆ. ಏನು ನೋಡಬೇಕೆಂದು ಹೇಳಲಿಲ್ಲ, ಹೇಳುವ ಹುರುಪೂ ಇರಲಿಲ್ಲ.

ಬಗ್ಗಿ ನೋಡುತ್ತಿದ್ದವನು ಒಮ್ಮೆಲೇ, “ಈರ್ಯಾ, ತಡಿ. ಅತ್ತಿ ಇನ್ನೂ ಬಾಯಿ ಮುಚ್ಚಿಲ್ಲ, ಸೊಸಿ ಆಗಲೇ ಪೂರಾ ತಗದಾಳ” ಅಂದ.

ನನ್ನ ಕೈ ನಿಂತಿತು. “ನಿನಗ ಇದನ್ನ ಯಾರ ಹೇಳಿದ್ರು?”

“ಆಕಿ.” ವಾಲ್ವಿನ ಮೇಲಿನ ಕಣ್ಣು ತೆಗೆಯದೆ ಹೇಳಿದ: “ದಿನಾ ಉಣ್ಣಾಕ ನೀಡುವಾಗ ಹೇಳತಿದ್ಲು, ಇವತ್ತ ಏನ ಬಿಚ್ಚಿದ್ವಿ, ಏನ ಕೂಡಿಸಿದ್ವಿ ಅಂತ. ನಾ ಸಿಟ್ಟಿನ್ಯಾಗ ಮಾರಿ ತಿರವಿಕೊಂಡು ಉಣತಿದ್ನಿ. ಕೇಳಂಗಿಲ್ಲ ಅಂತ ತಿಳಕೊಂಡ್ಲು…”

ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಮಣ್ಣು ಕೊಡುವಾಗಲೂ ಅತ್ತಿರಲಿಲ್ಲ. ವೈನಿ, ನಿಮಗೂ ಇದು ಗೊತ್ತಿರಲಿಲ್ಲ ಅಲ್ಲವೆ? ಗೋಡೆಗೆ ಹೇಳಿದ ಹಾಗೆ ಎಂದು ನನ್ನ ಮುಂದೆ ಗೊಣಗುತ್ತಿದ್ದಿರಿ. ಅವನು ಒಂದು ಮಾತನ್ನೂ ಬಿಟ್ಟಿಲ್ಲ.

ಸೊಸೆಯ ಚಕ್ರವನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿದೆವು. ಅಷ್ಟೇ ತಪ್ಪು. ಈ ಸಲ ಕಿಕ್ಕು ಹೊಡೆದದ್ದೇ ತಡ, ಓಣಿಯ ನಾಯಿಗಳೆಲ್ಲ ಬೊಗಳಿದವು, ನಮ್ಮ ಬಿಳಿ ಎತ್ತು ಕಣ್ಣಿ ಹರಿದುಕೊಂಡು ಓಡಿತು. ಟೈರಿಲ್ಲ, ಸೀಟಿಲ್ಲ, ಓಡಿಸುವ ಮಾತು ಯುದ್ಧ ಮುಗಿದ ಮೇಲೆ. ಇಂಜಿನ್ ಮಾತ್ರ ನಿಂತಲ್ಲೇ ಪೆಟ್ರೋಲು ತೀರುವವರೆಗೆ ಹೊಡೆದುಕೊಂಡಿತು. ಕೇಳುತ್ತ ನಿಂತ ನನಗೆ ಕಣ್ಣು ತುಂಬಿ ಬಂತು. ನೀವಿರಬೇಕಿತ್ತು.

ಮೊನ್ನೆ ಶಿಗ್ಗಾಂವಿಯ ಹತ್ತಿ ಗಿರಣಿಯಿಂದ ಒಬ್ಬರು ಹುಡುಕಿಕೊಂಡು ಬಂದರು. ಅಣ್ಣ ಹೊರಗೆ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. “ಇಂಜಿನ್ ನಿಂತೈತ್ರಿ. ಇಲ್ಲಿ ಒಬ್ಬರು ಅದಾರಂತಲ್ರಿ, ಕೈ ಹೋದವರು…” ಎಂದು ಅವರು ಕೇಳುವುದು ನನಗೆ ಒಳಗೆ ಕೇಳಿಸಿತು. ನಾನು ಬಾಗಿಲ ಹಿಂದೆ ನಿಂತುಬಿಟ್ಟೆ. ಇಂಜಿನ್ನಿನ ಹೆಸರು ತೆಗೆಯಬೇಡ ಅಂದವನು ಈಗ ಏನು ಹೇಳುತ್ತಾನೋ ಎಂದು ಕಾದೆ.

ಅಣ್ಣ ಹಗ್ಗ ಕೆಳಗಿಟ್ಟದ್ದು ಕಾಣಿಸಿತು.

“ಕೈ ಹೋದವರು ಇಲ್ಲಿ ಯಾರೂ ಇಲ್ರಿ,” ಅಂದ. “ಮಿಸ್ತ್ರಿ ಅದಾನ, ಒಳಗ. ಕರೀತೇನಿ, ಕುಂತ್ರಿ.”

ನಾಳೆ ಶಿಗ್ಗಾಂವಿಗೆ ಹೊರಡುತ್ತೇನೆ, ವೈನಿ.

ನಿಮ್ಮ ಮೈದುನ,
ಈರಪ್ಪ ಮಿಸ್ತ್ರಿ